ಮೊರಸುನಾಡಿನಲ್ಲಿ ಹೊರಗಿನವರು ಯಾರು?

ಬೆಂಗಳೂರಿನಿಂದ ಹೈದರಾಬಾದಿನತ್ತ ಹೋಗುವ ಹೆದ್ದಾರಿಯಲ್ಲಿ ದೇವನಹಳ್ಳಿಯನ್ನು ದಾಟಿದ ಮೇಲೆ ಆವತಿ ಎಂಬ ಗ್ರಾಮ ಸಿಕ್ಕುತ್ತದೆ. ಈಗ ಅದು ವಾಹನಗಳು ವೇಗ ತಗ್ಗಿಸದೆ ಸಾಗಿಬಿಡುವಂಥ ಊರು. ಆದರೆ ಬೆಂಗಳೂರು ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಯಾರೂ ಈ ಊರಿನ ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಸಂಗ್ರಹಿಸಿಕೊಟ್ಟಿರುವ ಐತಿಹ್ಯದ ಪ್ರಕಾರ, ಸುಮಾರು 15ನೆಯ ಶತಮಾನದ ಆರಂಭದಲ್ಲಿ ಕಂಚಿಯ ಕಡೆಯಿಂದ ಏಳು ಮಂದಿ ಮೊರಸು ಒಕ್ಕಲಿಗರು ತಮ್ಮ ಸಂಸಾರಗಳನ್ನು ಬಂಡಿಗಳಲ್ಲಿ ಹೇರಿಕೊಂಡು ನಂದಿಯ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ತಪ್ಪಲಿಗೆ ಬಂದಿಳಿದರು. ಅವರ ಮುಖಂಡ ರಣಭೈರೇಗೌಡ. ಅವನ ಮಗಳನ್ನು ಬೇರೆ ಕುಲದ ನಾಯಕನೊಬ್ಬ ಬಲವಂತವಾಗಿ ಕೇಳಿದ್ದೇ ಈ ಪಲಾಯನಕ್ಕೆ ಕಾರಣ. ಬೆನ್ನಟ್ಟಿ ಬಂದವರ ಕೈಗೆ ಸಿಕ್ಕುವ ಹೊತ್ತಿಗೆ ಎದುರಿನ ಹೊಳೆ ದಾರಿ ಬಿಟ್ಟುಕೊಟ್ಟಿತೆಂದು ಕಥೆ. ಹೊಳೆಯ ವಿಷಯವನ್ನು ನಂಬುವುದೂ ಬಿಡುವುದೂ ನಮ್ಮ ಇಷ್ಟ. ಆದರೆ ತಾವು ಬೇರೊಂದು ನಾಡಿನಿಂದ ದಿಕ್ಕುಗಾಣದೆ ಬಂದವರೆಂಬ ನೆನಪನ್ನು ಆ ಜನ ಮರೆಮಾಚಲಿಲ್ಲ, ಹೆಮ್ಮೆಯಿಂದಲೇ ಹೇಳಿಕೊಂಡರು.

ಆ ಬಂಡಿಗಳಲ್ಲಿ ಬಂದವರ ಸಂತತಿ ಮುಂದೆ ಮಾಡಿದ್ದೇನು? ಮಲ್ಲಭೈರೇಗೌಡ 1501ರಲ್ಲಿ ದೇವನದೊಡ್ಡಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ, ಅದೇ ದೇವನಹಳ್ಳಿಯಾಯಿತು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳೂ ಅದೇ ಮನೆತನದವರ ಕೈಯಲ್ಲಿ ಬೆಳೆದುವು. ಇನ್ನೊಂದು ಕವಲು ಸುಗಟೂರಿನದು. ಆ ವಂಶದ ತಮ್ಮೇಗೌಡ 16ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಸಕೋಟೆಯನ್ನು ಕಟ್ಟಿದ. ಮತ್ತೊಂದು ಕವಲು ಯಲಹಂಕದ ಪ್ರಭುಗಳದು. 1537ರಲ್ಲಿ ಬೆಂಗಳೂರಿನ ಕೋಟೆಗೆ ಅಡಿಗಲ್ಲಿಟ್ಟ ಕೆಂಪೇಗೌಡ ಈ ಕವಲಿನವನು. ಅವನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಕೃತಿ ಒಂದು ತೆಲುಗು ಯಕ್ಷಗಾನವೆಂಬುದು ಬಹುಮಂದಿಗೆ ತಿಳಿಯದು. ದೇವನಹಳ್ಳಿಯ ಪಕ್ಕದಲ್ಲಿ 2008ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡನ ಹೆಸರನ್ನಿಟ್ಟರು. ದೇಶದ ಎಲ್ಲ ಮೂಲೆಗಳ ಜನ ಬಂದಿಳಿಯುವ ಆ ತಾಣದಿಂದ ಆವತಿ ಕೂಗಳತೆಯಲ್ಲದಿದ್ದರೂ ಬಹಳ ದೂರವೇನಲ್ಲ.

ಆವತಿಯವರು ಬರುವುದಕ್ಕೆ ಮೊದಲು ಈ ನೆಲ ಬರಿದಾಗಿತ್ತೆಂದಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಎಂಬ ಹಳ್ಳಿ 8ನೆಯ ಶತಮಾನದಲ್ಲಿ ಗಂಗರ ಶ್ರೀಪುರುಷನ ಕಾಲಕ್ಕೆ ಮಾನ್ಯಪುರವೆಂಬ ರಾಜಧಾನಿಯಾಗಿತ್ತು. ಗಂಗರನ್ನು ಸೋಲಿಸಿದ ರಾಷ್ಟ್ರಕೂಟರು ತಮ್ಮ ರಾಜಕುಮಾರ ಕಂಬನನ್ನು ಗಂಗವಾಡಿಯ ಆಡಳಿತಕ್ಕೆ ಕಳುಹಿಸಿದರು. ಆ ಕಾಲದ ತಾಮ್ರಶಾಸನಗಳು ಮಣ್ಣೆಯಲ್ಲೇ ದೊರೆತಿವೆ. ಕನ್ನಡನಾಡಿನ ಉತ್ತರ ದಕ್ಷಿಣಗಳ ಜಗಳವೂ ಕೂಡಾಟವೂ ಈಚಿನದೇನಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಆಮೇಲೆ ಚೋಳರು ಬಂದರು. ರೈಸ್ ಅವರೇ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ತೆರೆದು ನೋಡಿದರೆ ಕನ್ನಡದ ಜೊತೆಗೆ ತಮಿಳು ಶಾಸನಗಳು ಹೇರಳವಾಗಿ ಎದುರಾಗುತ್ತವೆ, ತೆಲುಗಿನವೂ ಇವೆ. ಕೆರೆಗೆ ತೂಬು ಇಟ್ಟವನು, ದೇವರ ದೀಪಕ್ಕೆ ಗದ್ದೆ ಬಿಟ್ಟವನು ತನಗೆ ತಿಳಿದ ಭಾಷೆಯಲ್ಲಿ ಕಲ್ಲು ಹಾಕಿಸಿದ. ತೂಬು ಬಿಟ್ಟ ನೀರು ಯಾರ ಗದ್ದೆಗೆ ಹರಿಯಿತೆಂದು ಆ ಕಲ್ಲು ವಿಚಾರಿಸಿಲ್ಲ. ಹಾಗೆಂದು ಆ ಕಾಲವೆಲ್ಲ ಸೌಹಾರ್ದದ್ದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಹೊಯ್ಸಳರ ಶಾಸನಗಳಲ್ಲಿ ತಮಿಳರನ್ನು ‘ತಿಗುಳ’ರೆಂದು ಕರೆದಿದೆ, ಅಲ್ಲಿ ಅದು ಸೋತ ಶತ್ರುವಿನ ಹೆಸರು. ಅದೇ ಮಾತು ತಿಗಳ ಎಂದಾಗಿ, ಪೇಟೆಯ ಜಗಳಗಳಲ್ಲಿ ಬೈಗುಳವಾಗಿಯೂ ಉಳಿದುಬಂತು. ವಿಚಿತ್ರವೆಂದರೆ ಅದೇ ಹೆಸರಿನ ತೋಟಗಾರ ಜನಾಂಗವೊಂದು ಈ ಸೀಮೆಯಲ್ಲಿದೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲಿ ನಡೆಯುವ ಕರಗಗಳು ಆ ಜನರ ಹೊಣೆ. ಅವನ್ನು ಊರಿಗೆ ಊರೇ ತನ್ನದೆಂದು ಹೊರುತ್ತದೆ. ಮಾತೊಂದು ಬೈಗುಳವಾಗುವುದೂ ಪೂಜಾರಿಯ ಕುಲನಾಮವಾಗುವುದೂ ಒಂದೇ ಬೀದಿಯಲ್ಲಿ ಸಾಧ್ಯ.

1638ರ ಸುಮಾರಿಗೆ ಬಿಜಾಪುರದ ಸೈನ್ಯ ಬಂತು. ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರ, ಸಿರಾಗಳು ಶಹಾಜಿಯ ಜಹಗೀರಿಗೆ ಸೇರಿದುವು. ಮರಾಠರೂ ಮೊಗಲರೂ ಹೋದ ಮೇಲೆ ಉಳಿದದ್ದು ಅವರ ಕಾಗದಪತ್ರದ ಭಾಷೆ. ಇಂದು ತನ್ನ ಜಮೀನನ್ನು ಹೊರಗಿನವರಿಂದ ಉಳಿಸಿಕೊಳ್ಳಬೇಕೆಂದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವ ರೈತ ಕೈಯಲ್ಲಿ ಹಿಡಿದಿರುವುದು ಪಹಣಿ; ಅವನು ಹಾಕುವುದು ತಕರಾರು, ಕೇಳುವುದು ಖಾತೆ. ಈ ಮಾತುಗಳಲ್ಲಿ ಒಂದಾದರೂ ಮೂಲತಃ ಈ ಮಣ್ಣಿನದಲ್ಲ. ಅವುಗಳನ್ನು ಬಿಟ್ಟು ಅವನು ತನ್ನ ಹಕ್ಕನ್ನು ಹೇಳಿಕೊಳ್ಳಲೂ ಆಗದು.

ದೊಡ್ಡಬಳ್ಳಾಪುರದ ಕಿಲ್ಲೇದಾರ ಅಬ್ಬಾಸ್ ಕುಲಿಖಾನ್, ತಂದೆ ಸತ್ತ ಮೇಲೆ ದಿಕ್ಕಿಲ್ಲದೆ ಉಳಿದಿದ್ದ ಹೈದರ್ ಮತ್ತು ಅವನ ಅಣ್ಣನನ್ನು ನಗಾರಿಯೊಳಗೆ ಕೂಡಿ, ಚರ್ಮವನ್ನು ಬಿಗಿಸಿ ಬಾರಿಸುತ್ತ ಹಿಂಸಿಸಿ ಹಣ ವಸೂಲು ಮಾಡಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಆ ಹುಡುಗ ದೊಡ್ಡವನಾಗಿ 1749ರಲ್ಲಿ ಮೈಸೂರಿನ ಸೇನೆ ದೇವನಹಳ್ಳಿಯನ್ನು ಮುತ್ತಿದಾಗ ಸಾಮಾನ್ಯ ಸವಾರನಾಗಿ ಕಾದಿ ಹೆಸರು ಪಡೆದ. ಮಗ ಟಿಪ್ಪು ಹುಟ್ಟಿದ್ದು ಅಲ್ಲಿಯೇ. ಮೈಸೂರನ್ನು ಸಾಮ್ರಾಜ್ಯವಾಗಿಸಿದ ಮನೆತನವೂ ಹೀಗೆ ಬಂದವರದೇ.

ಇನ್ನು ನೇಕಾರರ ವಿಷಯ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಮಗ್ಗದ ಸದ್ದು ನಿಂತ ದಿನವನ್ನು ಊರಿನವರು ಸೂತಕದಂತೆ ಎಣಿಸುತ್ತಾರೆ. ದೇವಾಂಗರು, ತೊಗಟರು, ಪದ್ಮಸಾಲಿಗಳು, ಕುರುಹಿನಶೆಟ್ಟರು ಇವರಲ್ಲಿ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಅಂಗಡಿಯ ಮುಂದೆ ಕನ್ನಡ. ಇದರಿಂದ ಕನ್ನಡಕ್ಕೆ ನಷ್ಟವಾಯಿತೆ? ಈ ಊರಿನ ನೇಕಾರ ಕುಟುಂಬದಲ್ಲಿ 1954ರಲ್ಲಿ ಹುಟ್ಟಿದ ಡಿ. ಆರ್. ನಾಗರಾಜ್ ಕನ್ನಡ ವಿಮರ್ಶೆಗೆ ಹೊಸ ಪರಿಭಾಷೆಯನ್ನೇ ತಂದುಕೊಟ್ಟರು. 1998ರಲ್ಲಿ, ನಲವತ್ತನಾಲ್ಕರ ವಯಸ್ಸಿಗೇ, ತೀರಿಕೊಂಡದ್ದು ನಮ್ಮ ದುರ್ದೈವ. ಮನೆಯಲ್ಲಿ ತಮಿಳಿನ ಮಾಸ್ತಿ, ಕೈಲಾಸಂ, ಮನೆಯಲ್ಲಿ ಮರಾಠಿಯ ಬೇಂದ್ರೆ ಇವರ ಹೆಸರುಗಳನ್ನು ಸಭೆಗಳಲ್ಲಿ ಹೇಳಿ ಹೇಳಿ ಸವೆಸಿದ್ದೇವೆ. ಇಲ್ಲಿ ಮತ್ತೆ ಹಾಡುವುದು ಬೇಡ.

ಇಂಥ ನಾಡಿನಲ್ಲಿ ಪ್ರಾಂತೀಯ ದ್ವೇಷ ಎಲ್ಲಿಂದ ಬಂತೆಂಬುದು ವಿಚಾರ ಮಾಡಬೇಕಾದ ಪ್ರಶ್ನೆ. ಪರಸ್ಪರ ಅರಿಯದವರಲ್ಲಿ ದ್ವೇಷ ಹುಟ್ಟುತ್ತದೆ, ಅರಿತರೆ ಅಳಿಯುತ್ತದೆ ಎಂದು ಹೇಳುವುದು ವಾಡಿಕೆ. ಮೈಸೂರಿನ ಚರಿತ್ರೆ ಹಾಗೆ ಹೇಳುವುದಿಲ್ಲ. ಇಲ್ಲಿ ನೂರಾರು ವರ್ಷ ನೆರೆಮನೆಯಲ್ಲಿದ್ದವರು ಒಂದು ಗೊತ್ತಾದ ಗಳಿಗೆಯಲ್ಲಿ ಒಬ್ಬರನ್ನೊಬ್ಬರು ಪರಕೀಯರೆಂದು ಕಂಡರು. ಆ ಗಳಿಗೆ ಬಂದದ್ದು ಸರ್ಕಾರಿ ನೌಕರಿಯ ಜೊತೆಯಲ್ಲಿ.

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗ ದಿವಾನರಾದವರು ಚೆಂಗಲ್ಪಟ್ಟು ಕಡೆಯ ರಂಗಾಚಾರ್ಲು. ಅವರ ಅನಂತರ 1883ರಿಂದ 1901ರವರೆಗೆ ದಿವಾನಗಿರಿ ನಡೆಸಿದವರು ಪಾಲಘಾಟಿನ ಕಡೆಯ ಶೇಷಾದ್ರಿ ಅಯ್ಯರ್. ಇಂಗ್ಲಿಷ್ ವಿದ್ಯೆ ಮದರಾಸಿನಲ್ಲಿ ಮೊದಲು ಬೇರೂರಿತ್ತು. ಪದವೀಧರರು ಅಲ್ಲಿಂದ ಬಂದರು. ಅವರು ತಮ್ಮವರನ್ನು ಕರೆತಂದರು. ‘ಮೈಸೂರು ಮೈಸೂರಿನವರಿಗೆ’ ಎಂಬ ಕೂಗು ಎದ್ದಿತು. ಇದನ್ನು ಬರಿಯ ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಊರಿನ ಮಕ್ಕಳು ಓದಿ ಬಂದಾಗ ಕುರ್ಚಿಗಳೆಲ್ಲ ತುಂಬಿದ್ದರೆ ಯಾರಿಗೆ ನೋಯದು? ಆದರೆ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ, ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಬರುವ ಅರ್ಕಾವತಿಯ ನೀರು ಹೆಸರಘಟ್ಟದಿಂದ ಬೆಂಗಳೂರಿನ ನಲ್ಲಿಗಳಿಗೆ ಬಂದದ್ದು. ಅವರು ಹೂಡಿದ ಯೋಜನೆಯಿಂದಲೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿದದ್ದು. ಕೂಗು ಹಾಕಿದವರೂ ಆ ನೀರನ್ನೇ ಕುಡಿದರು. ಇನ್ನೊಂದು ಮಾತನ್ನೂ ಹೇಳಬೇಕು. ‘ಮೈಸೂರಿನವರು’ ಎಂದು ಕೂಗಿದವರಲ್ಲಿ ಬಹುಮಂದಿ ಒಂದೇ ಜಾತಿಯವರು. ಮಗ್ಗದವನಿಗಾಗಲಿ ಮೊರಸು ಒಕ್ಕಲಿಗನಿಗಾಗಲಿ ಆ ಜಗಳದಲ್ಲಿ ಪಾಲಿರಲಿಲ್ಲ. ಅವರು ಬಾಯಿ ತೆರೆದಾಗ ಪ್ರಶ್ನೆಯ ರೂಪವೇ ಬದಲಾಯಿತು; 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಪ್ರಾಂತದ ಹೆಸರಿನಲ್ಲಿ ನಡೆಯುತ್ತಿದ್ದ ವಾದ ಜಾತಿಯ ಹೆಸರಿನಲ್ಲಿ ಮುಂದುವರಿಯಿತು.

ಈ ಕಥೆಯಲ್ಲಿ ನನಗೆ ಅತ್ಯಂತ ಕುತೂಹಲಕರವೆನಿಸುವ ವ್ಯಕ್ತಿ ವಿ. ಪಿ. ಮಾಧವರಾಯರು. ಹುಟ್ಟಿದ್ದು 1850ರಲ್ಲಿ ಕುಂಭಕೋಣದಲ್ಲಿ, ಮನೆತನ ಮರಾಠಿಯದು, ದಿವಾನಗಿರಿ ಮಾಡಿದ್ದು ತಿರುವಾಂಕೂರು, ಮೈಸೂರು, ಬರೋಡಾ ಮೂರು ಸಂಸ್ಥಾನಗಳಲ್ಲಿ. 1908ರಲ್ಲಿ ಮೈಸೂರಿನ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ ಕಾನೂನು ಅವರ ಕಾಲದ್ದು. ಅದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ‘ಹೊರಗಿನ ದಿವಾನ’ನೆಂದು ಬೈಯುವುದಕ್ಕೆ ಇದಕ್ಕಿಂತ ಒಳ್ಳೆಯ ಪಾತ್ರ ಸಿಕ್ಕಲಾರದು. ಆದರೆ 1920ರಲ್ಲಿ ಧಾರವಾಡದಲ್ಲಿ ಮೊದಲ ಕರ್ನಾಟಕ ರಾಜಕೀಯ ಪರಿಷತ್ತು ನೆರೆದು, ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಗಬೇಕೆಂದು ನಿರ್ಣಯ ಮಾಡಿದಾಗ ಅಧ್ಯಕ್ಷಪೀಠದಲ್ಲಿದ್ದವರು ಇದೇ ಮಾಧವರಾಯರು. ಮೈಸೂರಿನ ಎಷ್ಟೋ ಕನ್ನಡಿಗ ಗಣ್ಯರಿಗೆ ಆಗಿನ್ನೂ ಧಾರವಾಡವೆಂದರೆ ಪರದೇಶ.

1938ರ ಏಪ್ರಿಲ್ ತಿಂಗಳಲ್ಲಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ದೊಡ್ಡಬಳ್ಳಾಪುರದ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆದು, ಸರ್ಕಾರದ ನಿಷೇಧವನ್ನು ಮೀರಿ ರಾಷ್ಟ್ರಧ್ವಜ ಹಾರಿತು. ಅದೇ ತಿಂಗಳ 25ರಂದು, ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಆ ಧ್ವಜಕ್ಕಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಿಲ್ಲ. ಕನ್ನಡ ತೆಲುಗುಗಳೆರಡನ್ನೂ ಆಡುವ ಸೀಮೆ ಅದು. ರಾಷ್ಟ್ರದ ಐಕ್ಯವೆಂಬುದು ಭಾಷಣದ ವಸ್ತುವಾಗುವ ಮೊದಲೇ ಅಲ್ಲಿ ಅರಳೀಮರದ ಕೆಳಗೆ ಪ್ರಾಣದ ಬೆಲೆ ಪಡೆದಿತ್ತು.

ಹೀಗಿದ್ದೂ, ಸ್ವಾತಂತ್ರ್ಯ ಬಂದ ಮೇಲೆ ಕನ್ನಡಿಗರೇ ಕನ್ನಡಿಗರನ್ನು ಬೇಡವೆಂದ ಅಧ್ಯಾಯವೊಂದಿದೆ. ನವೆಂಬರ್ ತಿಂಗಳ ಉತ್ಸವಗಳಲ್ಲಿ ನಾವು ಅದನ್ನು ಹೇಳುವುದಿಲ್ಲ. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕಗಳ ಜನ ಏಕೀಕರಣಕ್ಕಾಗಿ ಹಂಬಲಿಸುತ್ತಿದ್ದಾಗ, ಅದರಗುಂಚಿ ಶಂಕರಗೌಡರು 1953ರಲ್ಲಿ ಉಪವಾಸ ಕುಳಿತು ಹುಬ್ಬಳ್ಳಿ ಹೊತ್ತಿ ಉರಿದಾಗ, ಹಳೆಯ ಮೈಸೂರಿನ ಪ್ರಬಲ ವರ್ಗವೊಂದು ‘ನಮಗೇಕೆ ಈ ಭಾರ?’ ಎಂದು ಕೇಳುತ್ತಿತ್ತು. ನಮ್ಮದು ಕನ್ನಂಬಾಡಿಯ ನೀರು, ಜೋಗದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಅವರದು ಬರ. ನಮ್ಮ ಬೊಕ್ಕಸವನ್ನು ಅವರ ರಸ್ತೆಗಳಿಗೆ ಸುರಿಯಬೇಕೆ? ಹೀಗೆ ವಾದ. ಅದರ ಹಿಂದಿದ್ದ ಇನ್ನೊಂದು ಭಯವನ್ನು ಬಹಿರಂಗವಾಗಿ ಹೇಳುತ್ತಿರಲಿಲ್ಲ. ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ವರದಿಯಲ್ಲಿ ಅದನ್ನು ಬಿಚ್ಚಿ ಬರೆಯಿತು: ಉತ್ತರದವರು ಸೇರಿದರೆ ಲಿಂಗಾಯತರ ಕೈ ಮೇಲಾಗಿ ಒಕ್ಕಲಿಗರ ಕೈ ಕೆಳಗಾದೀತೆಂಬ ಅಂಜಿಕೆ. ಆಯೋಗ ಅಂಕಿಗಳನ್ನು ಕೂಡಿಸಿ ನೋಡಿ, ಒಂದಾದ ರಾಜ್ಯದಲ್ಲಿ ಯಾವ ಒಂದು ಜನಾಂಗವೂ ಉಳಿದವರನ್ನು ತುಳಿಯುವಷ್ಟು ದೊಡ್ಡದಾಗದೆಂದು ತೀರ್ಮಾನಿಸಿತು. ತೆಲುಗು ಮಾತನಾಡುವವರು ಅರ್ಧಕ್ಕಿಂತ ಹೆಚ್ಚಿದ್ದ ಕೋಲಾರ ಜಿಲ್ಲೆ ಕರ್ನಾಟಕದಲ್ಲಿಯೇ ಇರಲೆಂದೂ, ಬಳ್ಳಾರಿಯ ಭಾಗ ತುಂಗಭದ್ರೆಯ ಕಾರಣದಿಂದ ಆಂಧ್ರಕ್ಕೆ ಹೋಗಲೆಂದೂ ಅದು ಹೇಳಿತು. ಬಳ್ಳಾರಿಯ ಮಾತನ್ನು ಕೇಂದ್ರ ಒಪ್ಪಲಿಲ್ಲ. ಕೋಲಾರದ ಮಾತು ನಡೆಯಿತು. ಭಾಷೆಯೊಂದೇ ಗಡಿಯ ಅಳತೆಗೋಲಾಗಿದ್ದಿದ್ದರೆ ಹೊಸಕೋಟೆಯೇ ಇಂದು ಗಡಿಯ ಊರಾಗುತ್ತಿತ್ತು.

ಆಗಿನ ಬೆಂಗಳೂರು ಜಿಲ್ಲೆಯವರಾದ ಕೆಂಗಲ್ ಹನುಮಂತಯ್ಯನವರ ಪಾತ್ರ ಇಲ್ಲಿ ಮುಖ್ಯ. ಅವರು ಒಕ್ಕಲಿಗರು, ಮೈಸೂರಿನ ಮುಖ್ಯಮಂತ್ರಿ, ವಿಧಾನಸೌಧವನ್ನು ಎಬ್ಬಿಸಿದವರು. ತಮ್ಮವರಲ್ಲಿ ಅನೇಕರ ವಿರೋಧವಿದ್ದರೂ ಏಕೀಕರಣದ ಪರವಾಗಿ ನಿಂತರು. ಒಂದಾದ ರಾಜ್ಯದಲ್ಲಿ ತಮ್ಮ ಬಲ ಕುಗ್ಗುವುದೆಂದು ಅವರಿಗೆ ತಿಳಿದಿರಲಿಲ್ಲವೆಂದು ನಂಬುವುದು ಕಷ್ಟ. ಲೆಕ್ಕ ಬಾರದ ರಾಜಕಾರಣಿ ಅವರಾಗಿರಲಿಲ್ಲ. 1956ರ ಆಗಸ್ಟಿನಲ್ಲಿ ಅಧಿಕಾರ ಕಳೆದುಕೊಂಡರು. ನವೆಂಬರ್ 1ರಂದು ಹೊಸ ರಾಜ್ಯ ಹುಟ್ಟಿದಾಗ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದವರು ಎಸ್. ನಿಜಲಿಂಗಪ್ಪ. ಮನೆ ಕಟ್ಟಿಸಿದವರಿಗೆ ಗೃಹಪ್ರವೇಶದ ಯೋಗವಿರಲಿಲ್ಲ.

ಅಂಜಿದವರ ಅಂಜಿಕೆ ಪೂರ್ತಿ ಸುಳ್ಳಾಯಿತೆ? ಹಾಗೆ ಹೇಳಲಾಗದು. 1956ರಿಂದ 1971ರವರೆಗೆ ಮುಖ್ಯಮಂತ್ರಿಗಳಾದವರೆಲ್ಲ ಲಿಂಗಾಯತರೇ. ರಾಜ್ಯದ ಹೆಸರು ಕರ್ನಾಟಕವಾಗುವುದಕ್ಕೆ 1973ರ ನವೆಂಬರ್ 1ರವರೆಗೆ, ದೇವರಾಜ ಅರಸರ ಕಾಲದವರೆಗೆ, ಕಾಯಬೇಕಾಯಿತು. ‘ಮೈಸೂರು’ ಎಂಬ ಹೆಸರಿನ ಮೇಲಿನ ಮೋಹ ಅಷ್ಟು ಗಾಢವಾಗಿತ್ತು. ಇತ್ತ ಉತ್ತರದವರ ದೂರೂ ನಿಜವೇ ಆಯಿತು. 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ವರದಿ ಕೊಟ್ಟಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರಲ್ಲಿ ಹೆಚ್ಚಿನವು ಗುಲ್ಬರ್ಗ ವಿಭಾಗದವು. ನೆಲಮಂಗಲದ ನಾಲ್ಕು ದಾರಿ ಕೂಡುವಲ್ಲಿ ರಾತ್ರಿ ನಿಂತರೆ ರಾಯಚೂರು, ಯಾದಗಿರಿಗಳಿಂದ ಗಂಟುಮೂಟೆಯೊಡನೆ ಬಂದಿಳಿಯುವ ಕಟ್ಟಡದ ಕೂಲಿಗಳನ್ನು ಕಾಣಬಹುದು. ಅವರ ಮಾತಿನ ಧಾಟಿ ಕೇಳಿ ನಗುವ ಹುಡುಗರಿಗೆ ಅದು ಕನ್ನಡವೆಂದು ಒಪ್ಪಿಕೊಳ್ಳಲು ಒಂದು ಕ್ಷಣ ಬೇಕಾಗುತ್ತದೆ.

ಆಮೇಲಿನ ಘಟನೆಗಳು ಎಲ್ಲರಿಗೂ ಗೊತ್ತಿದ್ದವು. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ತಮಿಳರ ಮನೆಗಳು ಸುಟ್ಟುವು, ಜೀವಗಳು ಹೋದುವು. 2012ರ ಆಗಸ್ಟಿನಲ್ಲಿ ಯಾರೋ ಹಬ್ಬಿಸಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅದು ಸ್ವಾತಂತ್ರ್ಯ ದಿನೋತ್ಸವದ ವಾರ. 2020ರ ಮೇ ತಿಂಗಳ ಕತೆ ಇದರ ತಲೆಕೆಳಗು. ಸೋಂಕಿನ ಕಾಲದಲ್ಲಿ ಊರಿಗೆ ಹೋಗುತ್ತೇವೆಂದ ಪರಪ್ರಾಂತದ ಕಾರ್ಮಿಕರಿಗೆ ಗೊತ್ತುಮಾಡಿದ್ದ ರೈಲುಗಳು ಬೇಡವೆಂದು, ಕಟ್ಟಡ ನಿರ್ಮಾಪಕರ ಸಭೆಯಾದ ಮೇಲೆ, ರಾಜ್ಯ ಸರ್ಕಾರ ಪತ್ರ ಬರೆಯಿತು. ದೇಶದಾದ್ಯಂತ ಟೀಕೆ ಬಂದ ಮೇಲೆ ಒಂದೆರಡು ದಿನಗಳಲ್ಲಿ ನಿಲುವು ಬದಲಾಯಿಸಿತು. ಬಂದಾಗ ಹೊರಗಿನವನು, ಹೊರಟಾಗ ಬಿಡಲಾಗದವನು: ಇವೆರಡೂ ಒಬ್ಬನೇ ಮನುಷ್ಯ.

2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗಗಳನ್ನು ಮೀಸಲಿಡುವ ಮಸೂದೆಗೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಎರಡೇ ದಿನಗಳಲ್ಲಿ ತಡೆಹಿಡಿಯಿತು. ಸರೋಜಿನಿ ಮಹಿಷಿ ಸಮಿತಿ ನೇಮಕವಾದ 1983ರಿಂದಲೂ ಈ ಬೇಡಿಕೆ ಇದೆ. ಅದರಲ್ಲಿ ನ್ಯಾಯವೂ ಇದೆ. ಜಮೀನು ಕೊಟ್ಟವನ ಮಗನಿಗೆ ಕಾರ್ಖಾನೆಯ ಕಾವಲುಗಾರನ ಕೆಲಸವೂ ಸಿಕ್ಕದಿದ್ದರೆ ಅವನಿಗೆ ರಾಷ್ಟ್ರೀಯ ಐಕ್ಯವನ್ನು ಬೋಧಿಸುವ ಅಧಿಕಾರ ಯಾರಿಗೂ ಇಲ್ಲ. ನನ್ನ ಕಣ್ಣು ನಿಂತದ್ದು ‘ಸ್ಥಳೀಯ’ ಎಂಬುದಕ್ಕೆ ಆ ಮಸೂದೆ ಕೊಟ್ಟ ಅರ್ಥದ ಮೇಲೆ. ರಾಜ್ಯದಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ವಾಸವಿರಬೇಕು, ಕನ್ನಡವನ್ನು ಆಡಿ ಓದಿ ಬರೆಯಬಲ್ಲವನಾಗಿರಬೇಕು. ರಣಭೈರೇಗೌಡ ಮೊದಲನೆಯದರಲ್ಲೇ ಬೀಳುತ್ತಿದ್ದ. ಧಾರವಾಡದ ಪರಿಷತ್ತಿನ ಅಧ್ಯಕ್ಷರಿಗೂ ಅದೇ ಗತಿ.

ನೆಲವನ್ನು ಕಳೆದುಕೊಳ್ಳುವ ನಿಜವಾದ ಭಯ ದೇವನಹಳ್ಳಿ ತಾಲ್ಲೂಕಿಗೆ ಬಂದದ್ದು ಬೇರೊಂದು ದಿಕ್ಕಿನಿಂದ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ವಿಮಾನೋದ್ಯಮದ ಕೈಗಾರಿಕೆಗಳಿಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. ರಾಗಿ, ದ್ರಾಕ್ಷಿ, ರೇಷ್ಮೆ ಬೆಳೆಯುವ ನೆಲ ಅದು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಸಾರಿದರು. ಅಂದೇ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್, ಬೆಂಗಳೂರಿನ ಮಗ್ಗುಲಲ್ಲೇ ತಮ್ಮಲ್ಲಿ ಎಂಟು ಸಾವಿರ ಎಕರೆಗೂ ಮಿಕ್ಕು ನೆಲ ಸಿದ್ಧವಿದೆ, ಬನ್ನಿ ಎಂದು ಉದ್ಯಮಿಗಳನ್ನು ಕರೆದರು. ಇಲ್ಲಿಯ ಪತ್ರಿಕೆಗಳಲ್ಲಿ ಆಂಧ್ರದವರು ನಮ್ಮ ಕೈಗಾರಿಕೆಯನ್ನು ಕಸಿದರೆಂಬ ಕೋಪದ ಮಾತುಗಳು ಬಂದುವು. ಗಡಿಯಾಚೆ ಹಿಂದೂಪುರ, ಮಡಕಶಿರಾಗಳ ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ಹಳ್ಳಿಗಳು ಎಷ್ಟೋ ಇವೆ. ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರ ಇವೆಲ್ಲ ಒಂದೇ ರೈಲು ಹಳಿಯ ಮೇಲಿವೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಆಂಧ್ರದ ರೈತರೂ ಬರುತ್ತಾರೆ, ವ್ಯಾಪಾರ ಕುದುರಿಸುವಾಗ ಎರಡು ಭಾಷೆಗಳಲ್ಲಿಯೂ ಚೌಕಾಸಿ ಮಾಡುತ್ತಾರೆ.